ಸಮುದಾಯವನ್ನು ಎಚ್ಚರಿಸಿದ ಕವಿ: ಮೌಲಾನಾ ಹಾಲಿ

ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿದ ಅನುಗ್ರಹಗಳಲ್ಲಿ ಮಾತು ಬಹಳ ದೊಡ್ಡದು. ಪವಿತ್ರ ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯವು ಮನುಷ್ಯನ ಸೃಷ್ಟಿಯನ್ನು ಹೇಳಿದ ಕೂಡಲೇ ಅವನಿಗೆ ಮಾತು ಕಲಿಸಿದ ವಿಷಯವನ್ನು ಹೇಳುತ್ತದೆ. ಮಾತಿನಲ್ಲೂ ಕವಿತೆಗೆ ಒಂದು ವಿಶೇಷ ಶಕ್ತಿಯಿದೆ. ಅದು ಜನರನ್ನು ಮಲಗಿಸಬಲ್ಲದು, ಎಬ್ಬಿಸಲೂ ಬಲ್ಲದು. ಆದ್ದರಿಂದಲೇ ಕುರ್‌ಆನಿನಲ್ಲಿ ಕವಿಗಳ ಹೆಸರಿನ ಒಂದು ಅಧ್ಯಾಯವೇ ಇದೆ. ಗೊತ್ತುಗುರಿಯಿಲ್ಲದೆ ಅಲೆಯುವ, ಹೇಳಿದಂತೆ ನಡೆಯದ ಕವಿಗಳನ್ನು ಅದು ಖಂಡಿಸುತ್ತದೆ. ಆದರೆ ಸತ್ಯವಿಶ್ವಾಸವನ್ನೂ ಸತ್ಕರ್ಮವನ್ನೂ ತಮ್ಮದಾಗಿಸಿಕೊಂಡ ಕವಿಗಳನ್ನು ಅವರಿಂದ ಪ್ರತ್ಯೇಕಿಸುತ್ತದೆ. ಪ್ರವಾದಿವರ್ಯರ(ಸ) ಜೊತೆಯಲ್ಲಿ ಹಸ್ಸಾನ್ ಬಿನ್ ಸಾಬಿತ್‌ರಂತಹ(ರ) ಕವಿಗಳಿದ್ದರು ಎಂಬುದನ್ನೂ ನಾವು ಬಲ್ಲೆವು.

ಹಾಗಾದರೆ ಪ್ರತಿಭೆಯುಳ್ಳ ಒಬ್ಬ ಕವಿ ತನ್ನ ನಾಲಿಗೆಯ ಲೆಕ್ಕವನ್ನು ಅಲ್ಲಾಹನಿಗೆ ಹೇಗೆ ಒಪ್ಪಿಸಬೇಕು? 19ನೆಯ ಶತಮಾನದ ಉರ್ದು ಕವಿ ಮೌಲಾನಾ ಅಲ್ತಾಫ್ ಹುಸೈನ್ ಹಾಲಿಯವರ ಜೀವನ ಈ ಪ್ರಶ್ನೆಗೆ ಒಂದು ಉತ್ತರವಾಗಿದೆ. ಅವರು ಹುಟ್ಟುವಾಗ ಉತ್ತರ ಭಾರತದಲ್ಲಿ ಕವಿಗಳಿಗೆ ಬರವಿರಲಿಲ್ಲ, ಮುಶಾಯಿರಾಗಳಿಗೂ ಬರವಿರಲಿಲ್ಲ. ಅದೇ ಸಭೆಗಳಲ್ಲಿ ಹೊಗಳಿಕೆ ಗಳಿಸಿ ಸುಖವಾಗಿರಲು ಅವರಿಗೆ ಸಾಧ್ಯವಿತ್ತು. ಆದರೆ ಅವರು ಬೇರೆ ದಾರಿ ಹಿಡಿದರು.

ಪಾಣಿಪತ್ತಿನ ಬಾಲಕ

ಹಾಲಿಯವರು 1837ರಲ್ಲಿ ಪಾಣಿಪತ್ತಿನ ಅನ್ಸಾರಿ ಮನೆತನವೊಂದರಲ್ಲಿ ಜನಿಸಿದರು. ಮದೀನಾಕ್ಕೆ ಬಂದ ಪ್ರವಾದಿವರ್ಯರಿಗೆ(ಸ) ತಮ್ಮ ಮನೆಯಲ್ಲಿ ಆತಿಥ್ಯ ನೀಡಿದ ಅಬೂ ಅಯ್ಯೂಬ್ ಅನ್ಸಾರಿಯವರ(ರ) ವಂಶಸ್ಥರೆಂದು ಈ ಮನೆತನದವರು ತಮ್ಮನ್ನು ಗುರುತಿಸಿಕೊಳ್ಳುತ್ತಿದ್ದರು. ಸುಲ್ತಾನ್ ಬಲ್ಬನ್‌ನ ಕಾಲದಲ್ಲಿ ಅವರ ಪೂರ್ವಜರು ಹೆರಾತ್‌ನಿಂದ ಬಂದು ಪಾಣಿಪತ್ತಿನಲ್ಲಿ ನೆಲೆಸಿದ್ದರು.

ಮನೆತನ ದೊಡ್ಡದಾದರೂ ಬಾಲ್ಯ ಸುಖದ್ದಾಗಿರಲಿಲ್ಲ. ಅವರು ಹುಟ್ಟಿದ ಬಳಿಕ ತಾಯಿ ಮಾನಸಿಕ ಅಸ್ವಸ್ಥತೆಗೆ ತುತ್ತಾದರು. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ಈಝದ್ ಬಖ್ಶ್ ತೀರಿಕೊಂಡರು. ಅಣ್ಣ ಇಮ್ದಾದ್ ಹುಸೈನ್ ಮತ್ತು ಅಕ್ಕಂದಿರು ಅನಾಥನಾದ ತಮ್ಮನನ್ನು ಎತ್ತಿ ಬೆಳೆಸಿದರು. ಪಾಣಿಪತ್ತು ಕುರ್‌ಆನ್ ಪಾರಾಯಣಕ್ಕೆ ಹೆಸರಾದ ಊರು. ಅಲ್ಲಿನ ಮಕ್ಕಳಂತೆ ಹಾಲಿಯವರೂ ಮೊದಲು ಕುರ್‌ಆನ್ ಕಂಠಪಾಠ ಮಾಡಿ ಹಾಫಿಝರಾದರು. ಆ ಬಳಿಕ ಫಾರ್ಸಿಯನ್ನೂ ಸ್ವಲ್ಪ ಅರಬಿಯನ್ನೂ ಕಲಿತರು. ಕಲಿಯುವ ಹಸಿವು ದೊಡ್ಡದಿತ್ತು. ಆದರೆ ಕ್ರಮಬದ್ಧವಾಗಿ ಕಲಿಸುವವರಿರಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಅಣ್ಣ ಮತ್ತು ಅಕ್ಕಂದಿರು ಸಂಬಂಧಿಕರಲ್ಲೇ ಹೆಣ್ಣು ನೋಡಿ ಮದುವೆ ಮಾಡಿಸಿದರು. ಮನೆ ನಡೆಸಲು ನೌಕರಿ ಹುಡುಕಬೇಕೆಂಬ ಒತ್ತಾಯವೂ ಶುರುವಾಯಿತು. ಪತ್ನಿ ಇಸ್ಲಾಮುನ್ನಿಸಾ ಅವರ ತವರು ಅನುಕೂಲಸ್ಥರದು. 1854ರಲ್ಲಿ ಆಕೆ ತವರಿಗೆ ಹೋಗಿದ್ದ ಸಮಯ ನೋಡಿ ಹಾಲಿಯವರು ಯಾರಿಗೂ ಹೇಳದೆ ಮನೆ ಬಿಟ್ಟರು. ಸುಮಾರು 90 ಕಿಲೋಮೀಟರ್ ದೂರದ ದಿಲ್ಲಿಗೆ ಕಾಲ್ನಡಿಗೆಯಲ್ಲೇ ಹೊರಟರು.

ದಿಲ್ಲಿಯ ಕೊನೆಯ ಬೆಳಕು

ಆಗ ದಿಲ್ಲಿಯ ಕೆಂಪುಕೋಟೆಯಲ್ಲಿ ಹೆಸರಿಗಷ್ಟೇ ಬಾದಶಾಹರಾಗಿದ್ದವರು ಬಹಾದುರ್ ಶಾಹ್ ಝಫರ್. ಅಧಿಕಾರವೆಲ್ಲ ಇಂಗ್ಲಿಷರ ಕೈಸೇರಿತ್ತು. ಆದರೆ ಕವಿತೆಯ ಸಾಮ್ರಾಜ್ಯ ಮಾತ್ರ ಉಳಿದಿತ್ತು. ಬಾದಶಾಹರೇ ಕವಿ. ಅವರ ಉಸ್ತಾದರಾದ ಝೌಕ್ 1854ರಲ್ಲಿ ನಿಧನರಾದಾಗ ಆ ಸ್ಥಾನ ಮಿರ್ಝಾ ಗಾಲಿಬರಿಗೆ ಸಿಕ್ಕಿತು. ನ್ಯಾಯಾಧೀಶರಾಗಿದ್ದ ಮುಫ್ತಿ ಸದ್ರುದ್ದೀನ್ ಆಝುರ್ದಾ, ನವಾಬ್ ಮುಸ್ತಫಾ ಖಾನ್ ಶೇಫ್ತಾ ಮೊದಲಾದ ವಿದ್ವಾಂಸರ ಮನೆಗಳಲ್ಲೂ ಕವಿಗೋಷ್ಠಿಗಳು ನಡೆಯುತ್ತಿದ್ದವು.

ಹಾಲಿಯವರು ಹುಸೈನ್ ಬಖ್ಶ್ ಮದ್ರಸದಲ್ಲಿ ಮೌಲವಿ ನವಾಝಿಶ್ ಅಲಿಯವರಲ್ಲಿ ಅರಬಿ ಕಲಿಯತೊಡಗಿದರು. ಬಡ ವಿದ್ಯಾರ್ಥಿಯ ಜೀವನ. ಊಟಕ್ಕೂ ಹಾಸಿಗೆಗೂ ಕಷ್ಟವಿತ್ತು. ಅದೇ ನಗರದಲ್ಲಿ ಹೊಸ ವಿದ್ಯೆ ಕಲಿಸುವ ದಿಲ್ಲಿ ಕಾಲೇಜು ಇತ್ತು. ಅದರತ್ತ ಅವರು ತಲೆ ಹಾಕಿಯೂ ನೋಡಲಿಲ್ಲ. ಇಂಗ್ಲಿಷರ ಶಾಲೆಯಲ್ಲಿ ಸಿಗುವುದು ವಿದ್ಯೆಯಲ್ಲ, ಅಜ್ಞಾನ ಎಂಬುದೇ ಅವರು ಬೆಳೆದ ವಾತಾವರಣದ ನಂಬಿಕೆಯಾಗಿತ್ತು. ಮುಂದೆ ಹೊಸ ಶಿಕ್ಷಣಕ್ಕಾಗಿ ಸಮುದಾಯವನ್ನು ಅಂಗಲಾಚಿದ ಹಾಲಿಯವರು ತಮ್ಮ ಈ ಹಿಂದಿನ ಮನಸ್ಥಿತಿಯನ್ನು ಮರೆಮಾಚದೆ ಬರೆದಿಟ್ಟಿದ್ದಾರೆ.

ಈ ದಿನಗಳಲ್ಲೇ ಅವರು ಗಾಲಿಬರ ಬಳಿ ಹೋಗಿ ಬರತೊಡಗಿದರು. ಅರ್ಥವಾಗದ ಪದ್ಯಗಳನ್ನು ಅವರಿಂದಲೇ ಕೇಳಿ ತಿಳಿದುಕೊಂಡರು. ತಮ್ಮ ಕೆಲವು ಗಝಲ್‌ಗಳನ್ನೂ ತೋರಿಸಿದರು. ಕವಿತೆ ಬರೆಯಲು ಯಾರನ್ನೂ ಸುಲಭವಾಗಿ ಪ್ರೋತ್ಸಾಹಿಸದ ಗಾಲಿಬ್, ಈ ಹುಡುಗ ಬರೆಯದಿದ್ದರೆ ತನ್ನ ಪ್ರಕೃತಿಗೇ ಅನ್ಯಾಯ ಮಾಡಿಕೊಂಡಂತೆ ಎಂದು ಅಭಿಪ್ರಾಯಪಟ್ಟರು. ಆಗ ಹಾಲಿಯವರ ಕಾವ್ಯನಾಮ ಖಸ್ತಾ, ಅಂದರೆ ಬಳಲಿದವನು ಎಂದಿತ್ತು.

ಒಂದೂವರೆ ವರ್ಷದ ಬಳಿಕ ಮನೆಯವರಿಗೆ ಸುಳಿವು ಸಿಕ್ಕಿ ಅವರನ್ನು ಊರಿಗೆ ಕರೆದೊಯ್ದರು. 1856ರಲ್ಲಿ ಹಿಸಾರ್‌ನ ಜಿಲ್ಲಾ ಕಚೇರಿಯಲ್ಲಿ ಸಣ್ಣ ಸಂಬಳದ ನೌಕರಿ ಸಿಕ್ಕಿತು. ಮರುವರ್ಷವೇ 1857ರ ದಂಗೆ ಹಬ್ಬಿತು. ಹಿಸಾರ್‌ನಿಂದ ಊರಿಗೆ ಮರಳುವ ದಾರಿಯಲ್ಲಿ ದರೋಡೆಕೋರರು ಇದ್ದುದನ್ನೆಲ್ಲ ಕಸಿದುಕೊಂಡರು. ಹೊಟ್ಟೆಯ ಕಾಯಿಲೆ ಹಿಡಿದು ಬಹುಕಾಲ ಬಾಧಿಸಿತು.

ಅವರು ಕಂಡ ದಿಲ್ಲಿ ಅಷ್ಟರಲ್ಲಿ ಮಾಯವಾಗಿತ್ತು. ಬಾದಶಾಹರನ್ನು ರಂಗೂನಿಗೆ ಗಡೀಪಾರು ಮಾಡಲಾಯಿತು. ವಿದ್ವಾಂಸ ಇಮಾಮ್ ಬಖ್ಶ್ ಸಹ್ಬಾಯಿ ಗುಂಡಿಗೆ ಬಲಿಯಾದರು. ಪತ್ರಿಕೆ ನಡೆಸುತ್ತಿದ್ದ ಮೌಲವಿ ಮುಹಮ್ಮದ್ ಬಾಕರ್‌ರಿಗೆ ಮರಣದಂಡನೆಯಾಯಿತು. ಅವರ ಮಗ ಮುಹಮ್ಮದ್ ಹುಸೈನ್ ಆಝಾದ್ ತಮ್ಮ ಗುರು ಝೌಕ್‌ರ ಕವಿತೆಗಳ ಕಟ್ಟನ್ನು ಎತ್ತಿಕೊಂಡು ಊರು ಬಿಟ್ಟರು. ಈ ಆಝಾದರನ್ನು ನಾವು ಮುಂದೆ ಲಾಹೋರಿನಲ್ಲಿ ಭೇಟಿಯಾಗಲಿದ್ದೇವೆ.

ಗುರುವಿಗೆ ಕೊಟ್ಟ ಉಪದೇಶ

ಕೆಲವು ವರ್ಷಗಳ ನಂತರ ಹಾಲಿಯವರಿಗೆ ನವಾಬ್ ಶೇಫ್ತಾರ ಆಶ್ರಯ ದೊರೆಯಿತು. ಬುಲಂದ್‌ಶಹರ್ ಜಿಲ್ಲೆಯ ಜಹಾಂಗೀರಾಬಾದ್‌ನಲ್ಲಿ ನವಾಬರ ಮಕ್ಕಳಿಗೆ ಪಾಠ ಹೇಳುತ್ತಾ 1869ರವರೆಗೂ ಅವರ ಒಡನಾಟದಲ್ಲಿದ್ದರು. ಶೇಫ್ತಾರಿಗೆ ಕವಿತೆಯಲ್ಲಿ ಉತ್ಪ್ರೇಕ್ಷೆ ಹಿಡಿಸುತ್ತಿರಲಿಲ್ಲ. ಇದ್ದ ವಿಷಯವನ್ನು ಸರಳವಾಗಿ, ಮನಸ್ಸಿಗೆ ನಾಟುವಂತೆ ಹೇಳುವುದೇ ನಿಜವಾದ ಸಾಮರ್ಥ್ಯವೆಂದು ಅವರು ತಿಳಿದಿದ್ದರು. ತಮಗೆ ಗಾಲಿಬರಿಗಿಂತಲೂ ಹೆಚ್ಚು ಪ್ರಯೋಜನವಾದುದು ಶೇಫ್ತಾರ ಸಹವಾಸದಿಂದ ಎಂದು ಹಾಲಿಯವರೇ ಒಪ್ಪಿಕೊಂಡಿದ್ದಾರೆ.

ಈ ಅವಧಿಯ ಒಂದು ಘಟನೆ ನಮ್ಮ ಯುವಕರು ತಿಳಿದಿರಬೇಕಾದದ್ದು. ಗಾಲಿಬರು ಮದ್ಯ ಸೇವಿಸುತ್ತಿದ್ದರು. ನಮಾಝ್, ಉಪವಾಸಗಳಲ್ಲಿ ಶ್ರದ್ಧೆಯಿರಲಿಲ್ಲ. ಹಾಲಿಯವರಿಗೋ ತಾರುಣ್ಯದ ಧಾರ್ಮಿಕ ಆವೇಶ. ತಮ್ಮ ಪ್ರೀತಿಯ ಗುರು ಪರಲೋಕದಲ್ಲಿ ನಷ್ಟಕ್ಕೊಳಗಾಗಬಾರದೆಂಬ ಆಸೆಯಿತ್ತು. ಮುದುಕರಾದ ಗಾಲಿಬರಿಗೆ ಆಗ ಕಿವಿ ಕೇಳಿಸುತ್ತಿರಲಿಲ್ಲ. ಆದ್ದರಿಂದ ಹಾಲಿಯವರು ಉದ್ದನೆಯ ಉಪದೇಶವೊಂದನ್ನು ಕಾಗದದಲ್ಲೇ ಬರೆದು ಅವರ ಮುಂದಿಟ್ಟರು. ನಿಂತೋ ಕುಳಿತೋ, ವುಝೂ ಆಗದಿದ್ದರೆ ತಯಮ್ಮುಮ್ ಮಾಡಿಯೋ, ಹೇಗಾದರೂ ಐದು ಹೊತ್ತಿನ ನಮಾಝ್ ಬಿಡಬೇಡಿ ಎಂಬುದು ಅದರ ಸಾರಾಂಶ.

ಅದು ಗಾಲಿಬರ ಮನಸ್ಸಿಗೆ ಚುಚ್ಚಿತು. ಸಾಹಿತ್ಯದ ಒಂದು ವಿವಾದದ ಕಾರಣ ಅವರ ಧರ್ಮವನ್ನೂ ನಡತೆಯನ್ನೂ ಹಳಿಯುವ ಹೆಸರಿಲ್ಲದ ಪತ್ರಗಳು ಆ ದಿನಗಳಲ್ಲಿ ಅವರಿಗೆ ಬರುತ್ತಿದ್ದವು. ಇಡೀ ಆಯುಷ್ಯ ಪಾಪದಲ್ಲಿ ಕಳೆದೆ, ಉಳಿದಿರುವ ಕೆಲವೇ ಉಸಿರುಗಳಲ್ಲಿ ಅದನ್ನು ಹೇಗೆ ತುಂಬಿಕೊಡಲಿ ಎಂದು ಅವರು ನೊಂದು ನುಡಿದರು. ತಾನು ಅಲ್ಲಾಹನ ಏಕತ್ವದಲ್ಲಿ ವಿಶ್ವಾಸವಿಟ್ಟವನೆಂಬುದನ್ನೂ ನೆನಪಿಸಿದರು. ಹಾಲಿಯವರು ಬಹಳ ನಾಚಿಕೊಂಡರು. ಗಾಲಿಬರು ತೀರಿಕೊಂಡು ಸುಮಾರು ಮೂರು ದಶಕಗಳ ಬಳಿಕ, 1897ರಲ್ಲಿ ಪ್ರಕಟವಾದ ಯಾದ್‌ಗಾರೆ ಗಾಲಿಬ್ ಎಂಬ ತಮ್ಮ ಗ್ರಂಥದಲ್ಲಿ ಈ ಘಟನೆಯನ್ನು ತಮ್ಮದೇ ತಪ್ಪೆಂಬಂತೆ ವಿವರಿಸಿದರು. ಗುರುವಿನ ದೌರ್ಬಲ್ಯಗಳನ್ನು ಅವರು ಅದರಲ್ಲಿ ಮುಚ್ಚಿಡಲಿಲ್ಲ, ಗುರುವಿನ ಮೇಲಿನ ಪ್ರೀತಿಯನ್ನೂ ಕಡಿಮೆ ಮಾಡಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ನಮಾಝಿಗೆ ಕರೆಯುವುದು ತಪ್ಪಲ್ಲ, ಅದು ಕರ್ತವ್ಯ. ಆದರೆ ಕರೆಯುವ ಸಮಯ, ಮಾತಿನ ಧಾಟಿ, ಎದುರಿರುವವರ ವಯಸ್ಸು ಮತ್ತು ನೋವು, ಇವೆಲ್ಲವನ್ನೂ ಅರಿತು ಕರೆಯಬೇಕು. ಹಾಲಿಯವರು ಈ ಪಾಠ ಕಲಿತರು. ಮುಂದೆ ಅವರು ಇಡೀ ಸಮುದಾಯಕ್ಕೆ ಕಹಿ ಮಾತು ಹೇಳುವಾಗ ದೂರ ನಿಂತು ಬೆರಳು ತೋರಿಸಲಿಲ್ಲ. ತಾನೂ ಅದೇ ಮುಳುಗುವ ದೋಣಿಯಲ್ಲಿರುವವನೆಂಬ ಭಾವದಿಂದ ಹೇಳಿದರು.

ಲಾಹೋರಿನ ಹೊಸ ಗಾಳಿ

1869ರಲ್ಲಿ ಗಾಲಿಬರೂ ಶೇಫ್ತಾರೂ ನಿಧನರಾದರು. ಆಸರೆ ತಪ್ಪಿದ ಹಾಲಿಯವರು ಲಾಹೋರಿಗೆ ಹೋಗಿ ಸರಕಾರಿ ಪುಸ್ತಕ ಭಂಡಾರದಲ್ಲಿ ಕೆಲಸಕ್ಕೆ ಸೇರಿದರು. ಇಂಗ್ಲಿಷಿನಿಂದ ಉರ್ದುವಿಗೆ ಅನುವಾದವಾದ ಪುಸ್ತಕಗಳ ಭಾಷೆಯನ್ನು ತಿದ್ದುವುದು ಅವರ ಕೆಲಸ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ದಿನವೂ ಈ ಅನುವಾದಗಳನ್ನು ಓದುತ್ತಾ ಅವರ ದೃಷ್ಟಿ ಬದಲಾಗತೊಡಗಿತು.

ಆಗಿನ ಲಾಹೋರು ಸಾಹಿತ್ಯದ ಹೊಸ ಕೇಂದ್ರವಾಗಿ ಬೆಳೆಯುತ್ತಿತ್ತು. 1865ರಲ್ಲಿ ಸ್ಥಾಪನೆಯಾದ ಅಂಜುಮನೆ ಪಂಜಾಬ್ ಎಂಬ ಸಂಸ್ಥೆ ಉಪನ್ಯಾಸಗಳನ್ನು ಏರ್ಪಡಿಸುತ್ತಿತ್ತು. ದಿಲ್ಲಿಯಿಂದ ಬಂದಿದ್ದ ಮುಹಮ್ಮದ್ ಹುಸೈನ್ ಆಝಾದ್ ಅದರ ಜೀವಾಳವಾಗಿದ್ದರು. 1874ರಲ್ಲಿ ಶಿಕ್ಷಣ ಇಲಾಖೆಯ ನಿರ್ದೇಶಕ ಕರ್ನಲ್ ಹಾಲ್‌ರಾಯ್ಡ್‌ರ ಬೆಂಬಲದಿಂದ ಅಲ್ಲಿ ಹೊಸ ಬಗೆಯ ಮುಶಾಯಿರಾ ಆರಂಭವಾಯಿತು. ಹಳೆಯ ಮುಶಾಯಿರಾದಲ್ಲಿ ಒಂದು ಸಾಲನ್ನು ಮಾದರಿಯಾಗಿ ಕೊಡುತ್ತಿದ್ದರು. ಎಲ್ಲ ಕವಿಗಳೂ ಅದೇ ಛಂದಸ್ಸು, ಅದೇ ಪ್ರಾಸದಲ್ಲಿ ಗಝಲ್ ಹೊಸೆದು ತರಬೇಕಿತ್ತು. ಲಾಹೋರಿನಲ್ಲಿ ಸಾಲಿನ ಬದಲು ವಿಷಯ ಕೊಡಲಾಯಿತು. ಮಳೆಗಾಲ, ಆಶಾವಾದ, ದೇಶಪ್ರೇಮ, ನ್ಯಾಯ ಮುಂತಾದ ವಿಷಯಗಳ ಮೇಲೆ ಕವಿಗಳು ಬರೆಯಬೇಕಾಯಿತು.

ಹಾಲಿಯವರು ಇಂತಹ ನಾಲ್ಕು ಸಭೆಗಳಲ್ಲಿ ತಮ್ಮ ಕವಿತೆಗಳನ್ನು ಓದಿದರು. ಮಳೆಗಾಲದ ಬಗ್ಗೆ ಬರೆದ ಬರ್ಖಾ ರುತ್ ಮತ್ತು ದೇಶಪ್ರೇಮದ ಹುಬ್ಬೆ ವತನ್ ಅವುಗಳಲ್ಲಿ ಸೇರಿವೆ. ಕಲ್ಪನೆಯ ಪ್ರಿಯತಮೆಯ ಕೂದಲನ್ನೂ ಕಣ್ಣನ್ನೂ ವರ್ಣಿಸುತ್ತಿದ್ದ ಲೇಖನಿ ನಿಜವಾದ ಮೋಡಗಳನ್ನೂ ನಿಜವಾದ ಜನರನ್ನೂ ನೋಡಿತು. ಹಳೆಯ ರೀತಿಯ ಕವಿಗಳು ಮೂಗು ಮುರಿದರು. ಆದರೆ ಹಾಲಿಯವರಿಗೆ ತಮ್ಮ ದಾರಿ ಕಂಡಿತ್ತು.

ಮುಸದ್ದಸ್‌ನ ಹುಟ್ಟು

ಲಾಹೋರಿನ ಹವೆ ಆರೋಗ್ಯಕ್ಕೆ ಒಗ್ಗದೆ ಅವರು ದಿಲ್ಲಿಗೆ ಮರಳಿ ಆಂಗ್ಲೋ ಅರಬಿಕ್ ಶಾಲೆಯಲ್ಲಿ ಅಧ್ಯಾಪಕರಾದರು. ಇತ್ತ 1875ರಲ್ಲಿ ಸರ್ ಸಯ್ಯಿದ್ ಅಹ್ಮದ್ ಖಾನರು ಅಲಿಗಢದಲ್ಲಿ ವಿದ್ಯಾಸಂಸ್ಥೆಯನ್ನು ಆರಂಭಿಸಿದ್ದರು. ಸಮುದಾಯದ ಸ್ಥಿತಿಯನ್ನು ಚಿತ್ರಿಸುವ ಒಂದು ಕಾವ್ಯ ಬರೆಯಬೇಕೆಂದು ಅವರು ಹಾಲಿಯವರನ್ನು ಒತ್ತಾಯಿಸಿದರು.

ಹಾಲಿಯವರಿಗೆ ಆಗ ನಲವತ್ತು ದಾಟಿತ್ತು. ಇಪ್ಪತ್ತು ವರ್ಷ ಗಝಲ್ ಬರೆದು ಸಾಧಿಸಿದ್ದೇನು ಎಂದು ಅವರು ತಮ್ಮನ್ನೇ ಪ್ರಶ್ನಿಸಿಕೊಂಡರು. ಸುತ್ತಲೂ ಜನರು ನಾಶವಾಗುತ್ತಿರುವಾಗ ಇಲ್ಲದ ಪ್ರಿಯತಮೆಗಾಗಿ ಸುಳ್ಳು ಕಣ್ಣೀರು ಸುರಿಸಿದೆನಲ್ಲಾ ಎಂದು ಪಶ್ಚಾತ್ತಾಪಪಟ್ಟರು. ಕಾಯಿಲೆ, ಕೆಲಸಗಳ ನಡುವೆಯೇ ಬರೆದು ಮುಗಿಸಿ 1879ರಲ್ಲಿ ಮದ್ದೊ ಜಝ್ರೆ ಇಸ್ಲಾಮ್ ಎಂಬ ಕಾವ್ಯವನ್ನು ಪ್ರಕಟಿಸಿದರು. ಇಸ್ಲಾಮಿನ ಭರತ ಮತ್ತು ಇಳಿತ ಎಂಬುದು ಇದರ ಅರ್ಥ. ಜನರ ಬಾಯಲ್ಲಿ ಅದು ಮುಸದ್ದಸೆ ಹಾಲಿ ಎಂದೇ ಪ್ರಸಿದ್ಧವಾಯಿತು. ಮುಸದ್ದಸ್ ಎಂದರೆ ಆರು ಸಾಲುಗಳ ಪದ್ಯ. ಛಂದಸ್ಸು ಬೇರೆಯಾದರೂ ನಮ್ಮ ಕನ್ನಡದ ಷಟ್ಪದಿಯನ್ನು ಓದುಗರು ಇಲ್ಲಿ ನೆನಪಿಸಿಕೊಳ್ಳಬಹುದು. ಮೊದಲ ಮುದ್ರಣದಲ್ಲಿ ಇಂತಹ 294 ಪದ್ಯಗಳಿದ್ದವು.

ಇಸ್ಲಾಮಿಗಿಂತ ಮುಂಚಿನ ಅರೇಬಿಯಾದ ಅಜ್ಞಾನ, ಸಣ್ಣ ಕಾರಣಕ್ಕೆ ತಲೆಮಾರುಗಳವರೆಗೆ ನಡೆಯುತ್ತಿದ್ದ ಕಾದಾಟ, ಹೆಣ್ಣು ಶಿಶುಗಳ ಹತ್ಯೆ, ಇವುಗಳಿಂದ ಕಾವ್ಯ ಆರಂಭವಾಗುತ್ತದೆ. ಬಳಿಕ ಪ್ರವಾದಿವರ್ಯರ(ಸ) ಆಗಮನ. ಬಡವರಿಗೂ ಅನಾಥರಿಗೂ ಅವರು ಆಶ್ರಯವಾದ ಬಗೆಯನ್ನು ವರ್ಣಿಸುವ ಪದ್ಯಗಳು ಎಷ್ಟೋ ಮನೆಗಳಲ್ಲಿ ಕಂಠಪಾಠವಾದವು. ಮುಂದೆ ಬಗ್ದಾದ್, ಸ್ಪೇನ್‌ಗಳಲ್ಲಿ ಮುಸ್ಲಿಮರು ವಿದ್ಯೆಯನ್ನು ಬೆಳೆಸಿದ ಚರಿತ್ರೆ ಬರುತ್ತದೆ. ಆಮೇಲೆ ಇಳಿತ. ದುಡಿಯದೆ ವಂಶದ ಹೆಸರು ಹೇಳಿ ತಿನ್ನುವ ಶ್ರೀಮಂತರು, ಸಣ್ಣ ವಿಷಯಗಳಿಗೆ ಜಗಳವಾಡುವ ವಿದ್ವಾಂಸರು, ವಿದ್ಯೆ ಬಿಟ್ಟು ಪಾರಿವಾಳ ಹಾರಿಸುವ ಯುವಕರು, ಯಾರನ್ನೂ ಅವರು ಬಿಡಲಿಲ್ಲ. ಎಲ್ಲಕ್ಕಿಂತ ಕಠಿಣ ಮಾತುಗಳನ್ನು ತಮ್ಮದೇ ವರ್ಗವಾದ ಕವಿಗಳಿಗೆ ಮೀಸಲಿಟ್ಟರು ಎಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು.

ಈ ಕಾವ್ಯದ ಹಕ್ಕನ್ನು ಅಲಿಗಢದ ಕಾಲೇಜಿಗೆ ಕೊಡಲು ಹಾಲಿಯವರು ಮುಂದಾದರು. ಸರ್ ಸಯ್ಯಿದರು ಅದಕ್ಕೊಪ್ಪಲಿಲ್ಲ. ಹಕ್ಕಿನ ಬೇಲಿ ಹಾಕದೆ ಯಾರು ಬೇಕಾದರೂ ಅಚ್ಚು ಹಾಕಲಿ, ಎಲ್ಲರೂ ಹಾಡಲಿ ಎಂಬುದು ಅವರ ಬಯಕೆಯಾಗಿತ್ತು. ಪರಲೋಕದಲ್ಲಿ ನೀನೇನು ತಂದೆ ಎಂದು ಅಲ್ಲಾಹನು ಕೇಳಿದರೆ, ಹಾಲಿಯಿಂದ ಮುಸದ್ದಸ್ ಬರೆಸಿ ತಂದೆ ಎನ್ನುವೆನೆಂದೂ ಅವರು ಬರೆದರು.

ಮೊದಲ ಮುದ್ರಣ ನಿರಾಶೆಯಲ್ಲಿ ಕೊನೆಗೊಂಡಿತ್ತು. ಓದಿದವರ ಎದೆಗುಂದುತ್ತಿತ್ತು. ಹಾಲಿಯವರು ಇದನ್ನು ಕುರಿತು ಯೋಚಿಸಿ 1886ರಲ್ಲಿ ಆಶಾಭಾವನೆಯ ಪದ್ಯಗಳನ್ನು ಸೇರಿಸಿ ಕಾವ್ಯವನ್ನು ವಿಸ್ತರಿಸಿದರು. ಅಲ್ಲಾಹನ ಕೃಪೆಯಲ್ಲಿ ನಿರಾಶರಾಗಬಾರದೆಂಬುದು ವಿಶ್ವಾಸದ ಭಾಗವಲ್ಲವೇ?

ಹೊಗಳಿಕೆ ಮತ್ತು ತೆಗಳಿಕೆ

1893ರಲ್ಲಿ ತಮ್ಮ ಕವನ ಸಂಗ್ರಹಕ್ಕೆ ಅವರು ಬರೆದ ದೀರ್ಘ ಪ್ರಸ್ತಾವನೆ ಮುಕದ್ದಮಾ ಎಂದು ಹೆಸರಾಗಿದೆ. ಕವಿತೆ ಕೆಟ್ಟರೆ ಸಮಾಜವೂ ಸಮಾಜ ಕೆಟ್ಟರೆ ಕವಿತೆಯೂ ಕೆಡುತ್ತದೆ ಎಂಬುದು ಅದರ ಒಂದು ಮುಖ್ಯ ವಾದ. ಸರಳತೆ, ಸತ್ಯ, ಹೃದಯದ ತುಡಿತ ಕವಿತೆಗೆ ಅಗತ್ಯವೆಂದು ಅವರು ಪ್ರತಿಪಾದಿಸಿದರು. ಲಕ್ನೋದ ಹಾಸ್ಯ ಪತ್ರಿಕೆ ಅವಧ್ ಪಂಚ್ ಅವರನ್ನು ಬಹುಕಾಲ ಅಪಹಾಸ್ಯ ಮಾಡಿತು. ಹಾಲಿಯವರು ಬೈಗುಳಕ್ಕೆ ಬೈಗುಳದ ಉತ್ತರ ಕೊಡಲಿಲ್ಲ.

ಅವರ ಬರಹಗಳೆಲ್ಲ ಟೀಕೆಗೆ ಅತೀತವೆಂದೇನೂ ಅಲ್ಲ. 1901ರಲ್ಲಿ ಸರ್ ಸಯ್ಯಿದರ ಜೀವನ ಚರಿತ್ರೆ ಹಯಾತೆ ಜಾವೇದ್ ಹೊರಬಂದಾಗ ಅಲ್ಲಾಮಾ ಶಿಬ್ಲಿ ನುಅ್‌ಮಾನಿಯವರು ಅದನ್ನು ಬರೀ ಗುಣಗಾನವೆಂದು ಟೀಕಿಸಿದರು. ಉತ್ಪ್ರೇಕ್ಷೆಯನ್ನು ವಿರೋಧಿಸಿದವರ ಮೇಲೆಯೇ ಆ ಆರೋಪ ಬಂತು. ಆದರೂ ಸರ್ ಸಯ್ಯಿದರ ಕುರ್‌ಆನ್ ವ್ಯಾಖ್ಯಾನದಲ್ಲಿ ಎಡವಿದ ಸ್ಥಳಗಳಿವೆ ಎಂದು ಹಾಲಿಯವರು ಅದೇ ಗ್ರಂಥದಲ್ಲಿ ಒಪ್ಪಿದ್ದಾರೆ. ಗೌರವವಿದ್ದ ಮಾತ್ರಕ್ಕೆ ಧಾರ್ಮಿಕ ವಿಷಯದಲ್ಲಿ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲವೆಂಬುದು ಅವರ ನಿಲುವಾಗಿತ್ತು.

ಹೆಣ್ಣಿನ ಮೌನಕ್ಕೆ ದನಿ

ಮುಸದ್ದಸ್‌ನಷ್ಟು ಪ್ರಚಾರ ಪಡೆಯದ, ಆದರೆ ನಮ್ಮ ಮನೆಗಳಿಗೆ ಇನ್ನೂ ಹತ್ತಿರದ ಒಂದು ಸೇವೆ ಹಾಲಿಯವರಿಂದ ನಡೆದಿದೆ. 1874ರಲ್ಲೇ ಅವರು ಮಜಾಲಿಸುನ್ನಿಸಾ ಎಂಬ ಪುಸ್ತಕ ಬರೆದಿದ್ದರು. ಮನೆಯಲ್ಲೇ ವಿದ್ಯೆ ಕಲಿತ ಝುಬೈದಾ ಖಾತೂನ್ ಎಂಬ ಮಹಿಳೆ ತನ್ನ ಮಗನನ್ನು ಬೆಳೆಸುವ ಕಥೆ ಅದರಲ್ಲಿದೆ. ಕಲಿತ ತಾಯಿಯಿಂದ ಮನೆ ಬೆಳಗುತ್ತದೆಂಬುದನ್ನು ಹೆಂಗಸರು ಆಡುವ ಮಾತಿನಲ್ಲೇ ಹೇಳಿದ ಆ ಪುಸ್ತಕಕ್ಕೆ ಸರಕಾರ 400 ರೂಪಾಯಿ ಬಹುಮಾನ ನೀಡಿತು. ಅದು ಹೆಣ್ಣುಮಕ್ಕಳ ಪಠ್ಯವೂ ಆಯಿತು.

1884ರಲ್ಲಿ ಮುನಾಜಾತೆ ಬೇವಾ, ಅಂದರೆ ವಿಧವೆಯ ಪ್ರಾರ್ಥನೆ ಪ್ರಕಟವಾಯಿತು. ಬದುಕು ಆರಂಭವಾಗುವ ಮುನ್ನವೇ ವಿಧವೆಯಾದ ಹೆಣ್ಣು ತನ್ನ ಸೃಷ್ಟಿಕರ್ತನಲ್ಲಿ ಹೇಳಿಕೊಳ್ಳುವ ಅಳಲು ಅದು. ಭಾರೀ ಫಾರ್ಸಿ, ಅರಬಿ ಪದಗಳನ್ನು ಬಿಟ್ಟು ಹಳ್ಳಿಯವರಿಗೂ ತಿಳಿಯುವ ಭಾಷೆಯಲ್ಲಿ ಬರೆದರು. ಧರ್ಮಭೇದವಿಲ್ಲದೆ ಜನರು ಅದನ್ನು ಓದಿದರು. ಭಾರತದ ಹಲವು ಭಾಷೆಗಳಿಗೆ ಅದು ಅನುವಾದವಾಯಿತು. ವಿಧವೆಯರ ಮರುವಿವಾಹ ನಮ್ಮ ಧರ್ಮದಲ್ಲಿ ಅನುಮತಿಸಲ್ಪಟ್ಟದ್ದು, ಪ್ರವಾದಿವರ್ಯರೇ(ಸ) ತೋರಿಸಿಕೊಟ್ಟದ್ದು. ಆದರೂ ಎಷ್ಟೋ ಪ್ರತಿಷ್ಠಿತ ಮುಸ್ಲಿಮ್ ಮನೆತನಗಳು ಅದನ್ನು ಅವಮಾನವೆಂದು ಕಾಣುತ್ತಿದ್ದ ಕಾಲವದು.

1905ರಲ್ಲಿ ಅಲಿಗಢದ ಶೇಖ್ ಅಬ್ದುಲ್ಲಾರ ಖಾತೂನ್ ಪತ್ರಿಕೆಯಲ್ಲಿ ಚುಪ್ ಕೀ ದಾದ್ ಬಂತು. ತಾಯಿಯಾಗಿ, ಸಹೋದರಿಯಾಗಿ, ಮಗಳಾಗಿ ಎಲ್ಲವನ್ನೂ ಸಹಿಸಿ ಮೌನವಾಗಿದ್ದ ಹೆಣ್ಣಿಗೆ ಸಲ್ಲಬೇಕಾದ ಮನ್ನಣೆಯೇ ಅದರ ವಸ್ತು. ಅಕ್ಕಂದಿರ ಕೈಯಲ್ಲಿ ಬೆಳೆದವರು, ಹದಿನೇಳರಲ್ಲಿ ಪತ್ನಿಗೆ ಒಂದು ಮಾತೂ ಹೇಳದೆ ದಿಲ್ಲಿಗೆ ನಡೆದವರು ತಮ್ಮ 68ನೆಯ ವಯಸ್ಸಿನಲ್ಲಿ ಈ ಕವಿತೆ ಬರೆದರು. ಪಾಣಿಪತ್ತಿನಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನೂ ತೆರೆದಿದ್ದರು.

ಕೊನೆಯ ದಿನಗಳು

1887ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಧಾನಿ ಸರ್ ಆಸ್ಮಾನ್ ಜಾಹ್ ಅಲಿಗಢಕ್ಕೆ ಬಂದಾಗ ಹಾಲಿಯವರಿಗೆ ತಿಂಗಳಿಗೆ 75 ರೂಪಾಯಿಗಳ ವೇತನ ಗೊತ್ತುಪಡಿಸಿದರು. 1891ರಲ್ಲಿ ಅದು 100 ರೂಪಾಯಿಯಾಯಿತು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು. ಹಾಲಿಯವರಿಗೆ ಅಷ್ಟೇ ಸಾಕಾಯಿತು. ಹೆಚ್ಚಿನ ಆಸೆಯಿಲ್ಲದೆ ಅಧ್ಯಾಪಕ ವೃತ್ತಿಯನ್ನು ಬಿಟ್ಟು ಪಾಣಿಪತ್ತಿನಲ್ಲಿ ನೆಲೆಸಿ ಬರಹದಲ್ಲಿ ಮುಳುಗಿದರು.

1904ರಲ್ಲಿ ಸರಕಾರ ಅವರಿಗೆ ಶಮ್ಸುಲ್ ಉಲಮಾ ಬಿರುದು ಕೊಟ್ಟಿತು. ಅದೇ ವರ್ಷ ಲಾಹೋರಿನ ಅಂಜುಮನೆ ಹಿಮಾಯತೆ ಇಸ್ಲಾಮ್ ಸಭೆಯಲ್ಲಿ ಅವರು ಕವಿತೆ ಓದಲು ಎದ್ದು ನಿಂತರು. ಸಭೆ ಕಿಕ್ಕಿರಿದಿತ್ತು. ಮುದಿ ದನಿ ಯಾರಿಗೂ ಕೇಳಿಸಲಿಲ್ಲ. ಆಗ ಯುವಕ ಇಕ್ಬಾಲ್ ಎದ್ದು ಬಂದು ಹಾಲಿಯವರ ಕವಿತೆಯನ್ನು ತಮ್ಮ ಕಂಠದಲ್ಲಿ ಓದಿ ಕೇಳಿಸಿದರು. ಒಂದು ತಲೆಮಾರಿನ ಹೊಣೆ ಇನ್ನೊಂದು ತಲೆಮಾರಿಗೆ ದಾಟಿದ ಗಳಿಗೆಯದು. 1907ರಲ್ಲಿ ಕರಾಚಿಯಲ್ಲಿ ನಡೆದ ಮುಸ್ಲಿಮ್ ಶಿಕ್ಷಣ ಸಮ್ಮೇಳನದ ಅಧ್ಯಕ್ಷತೆಯನ್ನೂ ಹಾಲಿಯವರು ವಹಿಸಿದರು. 1914ರ ದಶಂಬರ 31ರಂದು ಪಾಣಿಪತ್ತಿನಲ್ಲಿ ಕೊನೆಯುಸಿರೆಳೆದರು. ಅಲ್ಲಿನ ಬೂ ಅಲಿ ಶಾಹ್ ಕಲಂದರ್ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. 1947ರ ದೇಶ ವಿಭಜನೆಯಲ್ಲಿ ಪಾಣಿಪತ್ತಿನ ಮುಸ್ಲಿಮ್ ಮನೆಗಳು ಖಾಲಿಯಾದವು. ಆದರೆ ಅವರ ಪುಸ್ತಕಗಳು ಇಂದೂ ಓದುಗರನ್ನು ಪಡೆಯುತ್ತಿವೆ.

ಹಾಲಿಯವರ ಜೀವನದಿಂದ ನಾವು ಕಲಿಯಬೇಕಾದುದೇನು? ಪ್ರತಿಭೆ ನಮ್ಮ ಸ್ವಂತ ಆಸ್ತಿಯಲ್ಲ, ಅದು ಅಮಾನತ್ತು. ಕವಿತೆ ಬರೆಯುವವರು ನಮ್ಮಲ್ಲಿ ಕೆಲವರೇ ಇರಬಹುದು, ಆದರೆ ನಾಲಿಗೆ ಎಲ್ಲರಿಗೂ ಇದೆ. ವೇದಿಕೆಯಲ್ಲಿ, ಅಂಗಡಿ ಮುಂಗಟ್ಟಿನಲ್ಲಿ, ಮದುವೆ ಮನೆಯಲ್ಲಿ, ಕೈಯಲ್ಲಿರುವ ಫೋನಿನಲ್ಲಿ ನಾವು ದಿನವಿಡೀ ಮಾತು ಖರ್ಚು ಮಾಡುತ್ತೇವೆ. ಅದರಿಂದ ಯಾರಿಗೆ ಉಪಕಾರವಾಯಿತು, ಯಾರ ಮನಸ್ಸು ನೊಂದಿತು ಎಂದು ರಾತ್ರಿ ಮಲಗುವ ಮುನ್ನ ಲೆಕ್ಕ ಹಾಕುವವರು ಎಷ್ಟು ಮಂದಿ? ನಲವತ್ತು ದಾಟಿದ ಮೇಲೆ ಹೆಸರು ಗಳಿಸಿದ ಕವಿಯೊಬ್ಬರು ಹಿಂದಿರುಗಿ ನೋಡಿ ತನ್ನ ದಾರಿ ಬದಲಿಸಿಕೊಂಡರು. ಹಾಗಿರುವಾಗ ನಮಗೂ ತಡವಾಗಿಲ್ಲ.

ಅಲ್ಲಾಹನು ಮೌಲಾನಾ ಹಾಲಿಯವರ ಸೇವೆಯನ್ನು ಸ್ವೀಕರಿಸಲಿ. ಸತ್ಯವನ್ನು ಹೇಳುವ, ಮೃದುವಾಗಿ ಹೇಳುವ, ಹೇಳಿದಂತೆ ನಡೆಯುವ ಭಾಗ್ಯವನ್ನು ನಮಗೆಲ್ಲ ಕರುಣಿಸಲಿ. ಆಮೀನ್.